ಹೊಸಬರು ಕೇಳಬೇಕು, ಇದ್ದವರು ಹೇಳಬೇಕು





ನಮ್ಮ ಜಾಲಹಳ್ಳಿಯಿಂದ ದುಡಿಯಲು, ಓದಲು ಬೆಂಗಳೂರಿಗೆ ಹೋದವರಿಗೆ ಅಲ್ಲಿಯೂ ಒಂದು ಜಾಲಹಳ್ಳಿ ಸಿಗುತ್ತದೆ. 2015ರಿಂದ ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ಹೆಸರು ನಮ್ಮೂರಿನದು, ಊರು ಮಾತ್ರ ಪರಸ್ಥಳ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ರೈಲು ಹುಡುಕಿದರೆ ಬೋರ್ಡಿನಲ್ಲಿ ಜಾಲಹಳ್ಳಿ ಅಂತ ಇರುವುದಿಲ್ಲ, ಕೊನೆಯ ನಿಲ್ದಾಣ ಮಾದಾವರ ಅಂತ ಇರುತ್ತದೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಿಟಿ ಬಸ್ಸು ಉಚಿತ, ಮೆಟ್ರೋ ಅಲ್ಲ. ಟೋಕನ್ ತಗೊಂಡರೆ ಹೊರಗೆ ಬರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಎಲ್ಲ ಒಂದು ನಿಮಿಷದ ಮಾತು. ಆದರೆ ಕೇಳಲು ಬಾಯಿ ಬರುವುದಿಲ್ಲ. "ಹಳ್ಳಿ ಮಂದಿ" ಅಂದಾರು ಎಂಬ ನಾಚಿಕೆಗೆ, ಗೊತ್ತಿದ್ದವರ ಹಾಗೆ ಬಸ್ ಹತ್ತಿ ಎಲ್ಲಿಯೋ ಇಳಿಯುವವರು ಬಹಳ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಸದಾಗಿ ಬಂದ ಭಿಕ್ಖುವೊಬ್ಬ ಯಾರೂ ಇಲ್ಲದ ವಿಹಾರದ ಬಾಗಿಲು ತೆಗೆದು ದಡಬಡ ಒಳಗೆ ನುಗ್ಗಿದ. ಮೇಲಿಂದ ಹಾವು ಹೆಗಲ ಮೇಲೆ ಬಿತ್ತು! ಇಂಥವನ್ನೆಲ್ಲ ಕೇಳಿದ ಭಗವಾನರು ಆಗಂತುಕರ ನಡೆಯನ್ನು ಗೊತ್ತುಮಾಡಿದರು. ಅವಸರ ಮಾಡದೆ ಒಳಗೆ ಬರಬೇಕು. ಕುಡಿಯುವ ನೀರು ಎಲ್ಲಿ, ಶೌಚ ಎಲ್ಲಿ, ಭಿಕ್ಷೆಗೆ ಯಾವ ಕಡೆ ಹೋಗಬಹುದು, ಯಾವ ಕಡೆ ಹೋಗಬಾರದು, ಎಲ್ಲವನ್ನೂ ಕೇಳಬೇಕು. ಶೌಚದ ಜಾಗ ಕೇಳುವುದನ್ನೂ ಬಿಟ್ಟಿಲ್ಲ ನೋಡಿ. ಅಂದಮೇಲೆ ಬಸ್ ನಂಬರ್ ಕೇಳಲು ಸಂಕೋಚವೇಕೆ?

ಅದೇ ಅಧ್ಯಾಯ ಮೊದಲಿನಿಂದ ಅಲ್ಲಿರುವವರಿಗೂ ಕರ್ತವ್ಯ ಹೇಳುತ್ತದೆ. ಬಂದವರು ಹಿರಿಯರಾದರೆ ಎದುರುಗೊಂಡು ಪಾತ್ರೆ, ಚೀವರ ಇಸಿದುಕೊಳ್ಳಬೇಕು, ನೀರು ಕೊಡಬೇಕು. ಕಿರಿಯರಾದರೆ ಕುಳಿತಲ್ಲಿಂದಲೇ ಆದರೂ ಎಲ್ಲವನ್ನೂ ತಿಳಿಸಬೇಕು. ನನಗೆ ಈ ಎರಡನೆಯ ಭಾಗವೇ ದೊಡ್ಡದು ಅನಿಸುತ್ತದೆ. 1901ರಲ್ಲಿ ಬಾಲಕ ಭೀಮರಾವ್ ತಂದೆಯನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರರು ವಿಚಾರಿಸಿದರು. ಜಾತಿ ತಿಳಿದೊಡನೆ ಹಿಂದೆ ಸರಿದರು. ಕೊನೆಗೆ ಒಬ್ಬ ಗಾಡಿಯವನು ದುಪ್ಪಟ್ಟು ಬಾಡಿಗೆಗೆ ಒಪ್ಪಿದ, ಅದೂ ಗಾಡಿಯನ್ನು ಹುಡುಗರೇ ಹೊಡೆಯಬೇಕು ಎಂಬ ಕರಾರಿನ ಮೇಲೆ. ಆ ಮಕ್ಕಳು ಕೇಳಿದ್ದರು. ಇದ್ದವರು ತಮ್ಮ ಕರ್ತವ್ಯ ಮಾಡಲಿಲ್ಲ.

ಈ ಗುಂಪಿನಲ್ಲಿ ಬೆಂಗಳೂರಿನಲ್ಲಿ ನೆಲೆಸಿದವರು ಇದ್ದೀರಿ. ನೀವು ದಿನಾ ಹೋಗುವ ಬಸ್ ನಂಬರ್, ಹತ್ತುವ ಮತ್ತು ಇಳಿಯುವ ಸ್ಟಾಪ್ ಬರೆದು ಇಲ್ಲಿ ಹಾಕಿ. ಓದಲು ಬಾರದವರ ಸಲುವಾಗಿ ಆಡಿಯೋ ಮಾಡಿ ಹಾಕಿದರೆ ಇನ್ನೂ ಒಳ್ಳೆಯದು.