ಉಬ್ಬಿದ್ದು ಕುಸಿದಿದ್ದೇಕೆ? ಯಾರ್ಕ್‌ಶೈರ್ ಪುಡ್ಡಿಂಗ್ ಮತ್ತು ನಮ್ಮ ರಸಾಯನಶಾಸ್ತ್ರ

ನನ್ನ ಭಾಯಿಜಾನ್ ದುಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆರು ತಿಂಗಳು ಪರೀಕ್ಷಾ ಅವಧಿ. ಅಷ್ಟರಲ್ಲಿ ಕೆಲಸ ಒಪ್ಪಿಗೆಯಾಗದಿದ್ದರೆ ವಾಪಸ್ ಕಲ್ಲೂರಿಗೇ. ಒಂದು ರಾತ್ರಿ ಫೋನ್ ಮಾಡಿ ಕೇಳಿದರು: "ನೀನು ಸೈನ್ಸ್ ಓದ್ತೀಯಲ್ಲ, ಇದಕ್ಕೆ ಉತ್ತರ ಹೇಳು. ಸೋಡಾ ಇಲ್ಲ, ಈಸ್ಟ್ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಆದರೂ ಈ ಹಿಟ್ಟು ಓವನ್‌ನಲ್ಲಿ ಬುಟ್ಟಿ ಹಾಗೆ ಉಬ್ಬಿ ನಿಲ್ಲಬೇಕು. ನನ್ನದು ಉಬ್ಬುತ್ತೆ, ಆಮೇಲೆ ಕೂತುಬಿಡುತ್ತೆ. ಯಾಕೆ?"

ಅವರು ಕೇಳಿದ್ದು ಯಾರ್ಕ್‌ಶೈರ್ ಪುಡ್ಡಿಂಗ್ ಬಗ್ಗೆ. ಹೆಸರಿನಲ್ಲಿ ಪುಡ್ಡಿಂಗ್ ಇದ್ದರೂ ಇದು ಸಿಹಿಯಲ್ಲ. ಮೊಟ್ಟೆ, ಮೈದಾ, ಹಾಲು, ಉಪ್ಪು ಕಲಸಿದ ತೆಳು ಹಿಟ್ಟನ್ನು ಕಾದ ಕೊಬ್ಬಿನಲ್ಲಿ ಸುರಿದು ಓವನ್‌ನಲ್ಲಿ ಬೇಯಿಸುತ್ತಾರೆ. ಇಂಗ್ಲೆಂಡಿನವರು ಭಾನುವಾರದ ಊಟದಲ್ಲಿ ಹುರಿದ ಮಾಂಸದ ಜೊತೆ ಇದನ್ನು ತಿನ್ನುತ್ತಾರೆ. ಹಿಂದೆ ಬೆಂಕಿಯ ಮುಂದೆ ಸರಳಿನಲ್ಲಿ ತಿರುಗುವ ಮಾಂಸದ ಕೆಳಗೆ ಹಿಟ್ಟಿನ ತಟ್ಟೆ ಇಡುತ್ತಿದ್ದರು, ತೊಟ್ಟಿಕ್ಕುವ ಕೊಬ್ಬು ಅದರೊಳಗೆ ಬೀಳುತ್ತಿತ್ತು. 1737ರ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಇದು 'ಡ್ರಿಪ್ಪಿಂಗ್ ಪುಡ್ಡಿಂಗ್'. 1747ರಲ್ಲಿ ಹ್ಯಾನಾ ಗ್ಲಾಸ್ ಎಂಬಾಕೆ ತನ್ನ ಅಡುಗೆ ಪುಸ್ತಕದಲ್ಲಿ ಇದಕ್ಕೆ ಯಾರ್ಕ್‌ಶೈರ್ ಹೆಸರು ಕೊಟ್ಟಳು.

ನಾನು ಯೋಚಿಸಲೇ ಇಲ್ಲ. ಚಾರ್ಲ್ಸ್ ನಿಯಮ ಬಾಯಿಪಾಠವಾಗಿತ್ತು. "ಬಿಸಿಯಾದರೆ ಗಾಳಿ ಹಿಗ್ಗುತ್ತದೆ ಭಾಯಿ, ಹಿಟ್ಟನ್ನು ಚೆನ್ನಾಗಿ ಬಡಿದು ಗಾಳಿ ತುಂಬಿಸಿ" ಎಂದುಬಿಟ್ಟೆ. ಮರುದಿನ ಅವರು ಅರ್ಧ ಗಂಟೆ ಬಡಿದರಂತೆ. ತೋಳು ನೋವಾಯಿತು, ಪುಡ್ಡಿಂಗ್ ಮತ್ತೆ ಕುಸಿಯಿತು. ಮುಖ್ಯ ಅಡುಗೆಯವರು ಎಲ್ಲರ ಮುಂದೆ ಬೈದರಂತೆ. ಆ ಬೈಗುಳ ನನಗೆ ಸಲ್ಲಬೇಕಿತ್ತು.

ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸರ್ ಹತ್ತಿರ ಹೋದೆ. ಅವರು ಉತ್ತರ ಹೇಳಲಿಲ್ಲ, "ಲೆಕ್ಕ ಹಾಕು" ಎಂದರು. ಹಾಕಿದೆ. 30 ಡಿಗ್ರಿಯ ಗಾಳಿ 100 ಡಿಗ್ರಿಗೆ ಬಂದರೆ ಕೆಲ್ವಿನ್‌ನಲ್ಲಿ 303ರಿಂದ 373. ಭಾಗಿಸಿದರೆ 1.23. ಅಂದರೆ ಗಾಳಿ ಕಾಲು ಭಾಗದಷ್ಟೂ ಹಿಗ್ಗುವುದಿಲ್ಲ! "ಈಗ ನೀರಿಗೆ ಹಾಕು" ಎಂದರು ಸರ್. 18 ಗ್ರಾಂ ನೀರು ಎಂದರೆ 1 ಮೋಲ್, ಗಾತ್ರ 18 ಮಿಲಿಲೀಟರ್. ಅದು 100 ಡಿಗ್ರಿಯಲ್ಲಿ ಆವಿಯಾದರೆ 22.4ನ್ನು 373ರಿಂದ ಗುಣಿಸಿ 273ರಿಂದ ಭಾಗಿಸಬೇಕು: 30.6 ಲೀಟರ್. ಸುಮಾರು 1700 ಪಟ್ಟು! ಶಕ್ತಿನಗರದಲ್ಲಿ ಟರ್ಬೈನ್ ತಿರುಗಿಸುವುದೂ ಇದೇ ಆವಿ, ನಾನು ಅದನ್ನು ಮರೆತು ಗಾಳಿಯ ಹಿಂದೆ ಬಿದ್ದಿದ್ದೆ. ಹಾಲಿನಲ್ಲಿ ಸುಮಾರು 87 ಭಾಗ, ಮೊಟ್ಟೆಯಲ್ಲಿ ಸುಮಾರು 75 ಭಾಗ ನೀರೇ. ಎರಡು ಮೊಟ್ಟೆಯ ಹಿಟ್ಟಿನಲ್ಲಿರುವ ನೀರಿನ ಹತ್ತನೇ ಒಂದು ಪಾಲು ಆವಿಯಾದರೂ 27 ಲೀಟರ್, ಎರಡು ಕೊಡದಷ್ಟು. ಹೆಚ್ಚಿನದು ಹೊರಗೆ ಹೋಗುತ್ತದೆ, ಉಳಿದಿದ್ದೇ ಸಾಕು.

ಆದರೆ ಉಬ್ಬಿದ್ದು ಕುಸಿಯುವುದೇಕೆ? ಇದಕ್ಕೆ ದಾರಿ ತೋರಿದ್ದು ಅಮ್ಮಿಯ ಜೋಳದ ರೊಟ್ಟಿ. ಹಂಚು ಚೆನ್ನಾಗಿ ಕಾಯದಿದ್ದರೆ ರೊಟ್ಟಿ ಉಬ್ಬುವುದಿಲ್ಲ, ತೂತಾದರೂ ಉಬ್ಬುವುದಿಲ್ಲ ಎಂದು ಅಮ್ಮಿ ಹೇಳುತ್ತಲೇ ಇರುತ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಕುದಿಯುವ ಎಸರಿನಲ್ಲಿ ಹಿಟ್ಟು ನಾದುತ್ತಾರೆ. ಪಿಷ್ಟ ಅಂಟಾಗಿ ಹಿಟ್ಟನ್ನು ಹಿಡಿಯುತ್ತದೆ, ಆವಿ ಒಳಗೆ ಸಿಕ್ಕಿ ರೊಟ್ಟಿ ಎರಡು ಪದರವಾಗುತ್ತದೆ. ಕೆಳಗಿಳಿಸಿದರೆ ಆವಿ ಹೋಗಿ ರೊಟ್ಟಿ ಮಲಗುತ್ತದೆ. ಎತ್ತುವುದು ಆವಿ, ಆದರೆ ರೊಟ್ಟಿಗೆ ನಿಲ್ಲುವ ಗೋಡೆ ಇಲ್ಲ. ಪುಡ್ಡಿಂಗ್‌ಗೆ ಆ ಗೋಡೆ ಬೇಕು. ಮೈದಾದ ಗ್ಲುಟೆನ್ ರಬ್ಬರಿನಂತೆ ಹಿಗ್ಗಿ ಆವಿಯನ್ನು ಹಿಡಿಯುತ್ತದೆ, ಮೊಟ್ಟೆಯ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ಆ ಆಕಾರವನ್ನು ನಿಲ್ಲಿಸುತ್ತದೆ. ಮೊಟ್ಟೆ ಬೆಂದರೆ ಮತ್ತೆ ನೀರಾಗುವುದಿಲ್ಲವಲ್ಲ, ಪ್ರೋಟೀನ್ ಪಾಠದಲ್ಲಿ ಓದಿದ ಡಿನೇಚುರೇಷನ್ ಇದೇ. ಗೋಡೆ ಗಟ್ಟಿಯಾಗುವ ಮೊದಲೇ ಒಳಗಿನ ಆವಿ ತಣ್ಣಗಾದರೆ ಎಲ್ಲವೂ ಕೆಳಗೆ.

ಬಾಯಿಮಾತಿನ ಉತ್ತರ ಇನ್ನೊಮ್ಮೆ ಕೊಡಲು ಧೈರ್ಯವಾಗಲಿಲ್ಲ. ನಮ್ಮ ಓಣಿಯ ಬೇಕರಿ ಚಾಚಾ ಬ್ರೆಡ್ ತೆಗೆದ ಮೇಲೆ ಭಟ್ಟಿ ಬಿಟ್ಟುಕೊಟ್ಟರು. ಎರಡು ಮೊಟ್ಟೆ, ಅದೇ ಅಳತೆಯ ಮೈದಾ, ಅದೇ ಅಳತೆಯ ಹಾಲು, ಚಿಟಿಕೆ ಉಪ್ಪು ಕಲಸಿ ಅರ್ಧ ಗಂಟೆ ಬಿಟ್ಟೆ. ಕೊಬ್ಬಿನ ಬದಲು ಶೇಂಗಾ ಎಣ್ಣೆ, ಕಪ್‌ಕೇಕಿನ ತಗಡಿನ ಅಚ್ಚು. ಮೂರು ಸಲ ಮಾಡಿದೆ. ತಣ್ಣನೆಯ ಎಣ್ಣೆಗೆ ಹಿಟ್ಟು ಸುರಿದಾಗ ಎಣ್ಣೆ ಕುಡಿದ ದಪ್ಪ ಬಿಲ್ಲೆಯಾಯಿತು. ಎರಡನೇ ಸಲ ಎಣ್ಣೆಯನ್ನು ಭಟ್ಟಿಯಲ್ಲೇ ಹೊಗೆಯಾಡುವ ತನಕ ಕಾಯಿಸಿ, ಹಿಟ್ಟು ಸುರಿದು, ಹತ್ತು ನಿಮಿಷಕ್ಕೆ ಬಾಗಿಲು ತೆಗೆದು ಇಣುಕಿದೆ. ಎದ್ದು ನಿಂತಿದ್ದವು ನನ್ನ ಕಣ್ಣೆದುರೇ ಕುಗ್ಗಿದವು. ಮೂರನೇ ಸಲ ಚಾಚಾ ನನ್ನನ್ನು ಭಟ್ಟಿಯ ಬಾಗಿಲ ಹತ್ತಿರ ಬಿಡಲೇ ಇಲ್ಲ. ಇಪ್ಪತ್ತೈದು ನಿಮಿಷದ ಮೇಲೆ ತೆಗೆದಾಗ ಕಂದು ಬಣ್ಣದ, ನಡುವೆ ಗುಳಿಯಿದ್ದ ಬುಟ್ಟಿಗಳು. ತಣ್ಣಗಾದರೂ ಬೀಳಲಿಲ್ಲ. (ಕಾದ ಎಣ್ಣೆಗೆ ಹಿಟ್ಟು ಸುರಿಯುವಾಗ ಸಿಡಿಯುತ್ತದೆ. ಮನೆಯಲ್ಲಿ ಮಾಡುವವರು ದೊಡ್ಡವರನ್ನು ಜೊತೆಗಿಟ್ಟುಕೊಳ್ಳಿ.)

ರಾತ್ರಿ ಭಾಯಿಜಾನ್‌ಗೆ ಫೋನ್ ಮಾಡಿ, "ಓವನ್ ಬಾಗಿಲು ಎಷ್ಟು ಸಲ ತೆಗೀತೀರಿ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಕೂತಿದೆಯಾ ನೋಡೋಕೆ ಮೂರ್ನಾಲ್ಕು ಸಲ" ಎಂದರು.

ಮುಂದಿನ ವಾರ ಒಂದು ಫೋಟೋ ಬಂತು, ಹನ್ನೆರಡು ಪುಡ್ಡಿಂಗ್, ಹನ್ನೆರಡೂ ನಿಂತಿದ್ದವು. ಯಾರ್ಕ್‌ಶೈರ್ ಪುಡ್ಡಿಂಗ್ 4 ಇಂಚಿಗಿಂತ ಗಿಡ್ಡವಿರಬಾರದು ಎಂದು ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2008ರಲ್ಲಿ ಹೇಳಿತ್ತು. ಭಾಯಿಜಾನ್ ಅವರದು ನಾಲ್ಕು ದಾಟಿತ್ತಂತೆ. ನನ್ನದನ್ನು ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ ಅಳೆದಿದ್ದೆ: ಎರಡೂಮುಕ್ಕಾಲು ಇಂಚು. ಅಚ್ಚು ಚಿಕ್ಕದಿತ್ತು ಎಂದು ಚಾಚಾ ಈಗಲೂ ವಾದಿಸುತ್ತಾರೆ.