ಸ್ವಿಚ್ಚಿನ ಎಚ್ಚರಿಕೆಯ ಗಂಟೆ

ಸಿಂಧನೂರು ತಾಲೂಕಿನ ನಮ್ಮ ಜವಳಗೇರಾದ ಸೀಮೆಗೆ ತುಂಗಭದ್ರಾ ಎಡದಂಡೆ ಕಾಲುವೆಯೇ ಆಧಾರ. ನೀರು ನಿಂತುದಕ್ಕಿಂತ, ನಿಂತ ಸುದ್ದಿ ತಡವಾಗಿ ತಿಳಿಯುವುದೇ ಹೆಚ್ಚಿನ ಹಾನಿ. “ನೆಲ ಬಿರಿದ ಮ್ಯಾಲ ತಿಳಿದ್ರ ಏನ್ ಬಂತಪಾ?” ಎನ್ನುತ್ತಾರೆ ನಮ್ಮ ತಂದೆಯವರು. ಶಾಲೆಯ ಮುಖ ಕಾಣದ ಅವರ ಈ ಮಾತು ಕಂಪ್ಯೂಟರ್ ಜಾಲಕ್ಕೂ ಸಲ್ಲುತ್ತದೆಂಬುದು ನನಗೆ ಕಳೆದ ವರ್ಷ ಅನುಭವಕ್ಕೆ ಬಂದಿತು.

ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕೊನೆಯ ದಿನ. ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಕುಳಿತಿದ್ದೆ. ಸ್ವಿಚ್ಚಿನ ದೀಪಗಳೆಲ್ಲ ಮಿನುಗುತ್ತಿದ್ದವು. ಪುಟ ಮಾತ್ರ ತೆರೆಯಲಿಲ್ಲ. ಅರ್ಜಿ ಹೋಗಲಿಲ್ಲ. ಮರುದಿನ, ಜಾಲದ ಕೆಲಸ ಬಲ್ಲ ನಮ್ಮ ದೊಡ್ಡಪ್ಪನ ಮಗ ಕಾರಣವನ್ನು ಕಂಡುಹಿಡಿದನು. ಯಾರೋ ಒಂದೇ ತಂತಿಯ ಎರಡೂ ತುದಿಗಳನ್ನು ಒಂದೇ ಚಿಕ್ಕ ಸ್ವಿಚ್ಚಿಗೆ ಸಿಕ್ಕಿಸಿದ್ದರು! ಪ್ಯಾಕೆಟ್ಟುಗಳು ಅಲ್ಲಿಯೇ ಸುತ್ತುತ್ತ, ಹೊರಜಾಲದ ಬಾಗಿಲಾಗಿದ್ದ ದೊಡ್ಡ ಸ್ವಿಚ್ಚಿನ ಮೇಲೆ ಮುಗಿಬಿದ್ದಿದ್ದವು.

ಸ್ವಿಚ್ಚಿನಲ್ಲಿ ಸಾಮಾನ್ಯ ಪ್ಯಾಕೆಟ್ಟುಗಳನ್ನು ಚಿಪ್ಪೇ ಸಾಗಿಸುತ್ತದೆ. ವಿಳಾಸ ಕೇಳುವ ಎಆರ್‌ಪಿ, ನೆರೆಯವರ ಕ್ಷೇಮ ವಿಚಾರಿಸುವ ಓಎಸ್‌ಪಿಎಫ್ ಮೊದಲಾದ ಪ್ರೋಟೋಕಾಲ್ ಪ್ಯಾಕೆಟ್ಟುಗಳು ಮಾತ್ರ ಸಿಪಿಯುವಿಗೆ ಹೋಗುತ್ತವೆ. ಅದು ಕುಸಿಯದಂತೆ ಒಂದು ಮಿತಿಯುಂಟು. ಮಿತಿ ಮೀರಿದವು ಬಿಸುಡಲ್ಪಡುತ್ತವೆ. ಇದು ದೋಷವಲ್ಲ, ರಕ್ಷಣೆ. ಆದರೆ ಕಳ್ಳ ಪ್ಯಾಕೆಟ್ಟಿನೊಡನೆ ಸಾಚಾ ಪ್ಯಾಕೆಟ್ಟೂ ಸದ್ದಿಲ್ಲದೆ ಹೋಗುತ್ತದೆ. ಓಎಸ್‌ಪಿಎಫ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಕೂಗುತ್ತದೆ. 40 ಸೆಕೆಂಡು ಕೂಗು ಕೇಳದಿದ್ದರೆ ನೆರೆಯವನು ಇಲ್ಲವೆಂದೇ ಲೆಕ್ಕ.

ಆದ್ದರಿಂದ ಎಚ್ಚರಿಕೆಯ ಗಂಟೆಯನ್ನು ಕಟ್ಟಬೇಕು. 1991ರಲ್ಲಿ ಪ್ರಕಟವಾದ ಆರ್‌ಮಾನ್ ಪದ್ಧತಿಯಲ್ಲಿ ಇದರ ಕ್ರಮವಿದೆ. ಮೊದಲನೆಯದು, ಪ್ರೋಟೋಕಾಲಿಗೊಂದರಂತೆ ನಷ್ಟದ ಎಣಿಕೆಯನ್ನು ಆರಿಸುವುದು. ಎರಡನೆಯದು, ಒಟ್ಟು ಎಣಿಕೆಯನ್ನಲ್ಲ, ನಿಮಿಷಕ್ಕೆಷ್ಟು ಏರಿತೆಂಬ ವ್ಯತ್ಯಾಸವನ್ನು ನೋಡುವುದು. ವಿದ್ಯುತ್ ಮೀಟರಿನಂತೆ ಒಟ್ಟು ಸಂಖ್ಯೆ ಏರುತ್ತಲೇ ಇರುತ್ತದಷ್ಟೆ. ಮೂರನೆಯದು, ಎರಡು ಗೆರೆಗಳನ್ನು ಎಳೆಯುವುದು. ಉದಾಹರಣೆಗೆ, ನಿಮಿಷಕ್ಕೆ 50 ದಾಟಿದಾಗ ಒಮ್ಮೆ ಗಂಟೆ. 10ಕ್ಕೆ ಇಳಿಯುವವರೆಗೆ ಮತ್ತೆ ಬಾರಿಸುವಂತಿಲ್ಲ. ಒಂದೇ ಗೆರೆಯಿದ್ದರೆ ಅದರ ಸುತ್ತ ತೂಗಾಡುವ ಸಂಖ್ಯೆ ಕ್ಷಣಕ್ಷಣಕ್ಕೂ ಗಂಟೆ ಬಾರಿಸುತ್ತದೆ. ಕಡೆಗೆ ಯಾರೂ ಕಿವಿಗೊಡುವುದಿಲ್ಲ. ಒಂದು ವಾರ ಸಹಜ ಸ್ಥಿತಿಯನ್ನು ಗಮನಿಸಿಯೇ ಗೆರೆಗಳನ್ನು ನಿಶ್ಚಯಿಸಬೇಕು. ನಾಲ್ಕನೆಯದು, ಸುದ್ದಿ ತಲುಪುವ ಏರ್ಪಾಡು. ‘ಟ್ರ್ಯಾಪ್’ ಎಂಬ ಸಂದೇಶಕ್ಕೆ ಮರುತ್ತರವಿಲ್ಲ, ದಾರಿಯಲ್ಲಿಯೇ ಕಳೆಯಬಹುದು. ‘ಇನ್‌ಫಾರ್ಮ್’ ಮರುತ್ತರ ಬೇಡುತ್ತದೆ. ಸ್ವಿಚ್ಚಿನ ದಿನಚರಿಯಲ್ಲಿಯೂ ಅದು ದಾಖಲಾಗಲಿ.

ಗಂಟೆ ಬಾರಿಸಿದಾಗ ಮಿತಿಯನ್ನು ಹೆಚ್ಚಿಸಿ ಅದರ ಬಾಯಿ ಮುಚ್ಚಿಸುವುದು ಜಾಣತನವಲ್ಲ. ಪ್ರವಾಹ ಯಾವ ಪೋರ್ಟಿನಿಂದ ಬರುತ್ತಿದೆಯೆಂದು ಹುಡುಕಬೇಕು. ಅಂದು ಆ ಕೇಂದ್ರದಲ್ಲಿ ಇಂಥದೊಂದು ಗಂಟೆಯಿದ್ದಿದ್ದರೆ, ನಮ್ಮ ಮನೆತನದ ಮೊದಲ ಪದವೀಧರನಾಗಲಿರುವ ನನ್ನ ಅರ್ಜಿ ವೇಳೆಗೆ ಸೇರುತ್ತಿತ್ತೇನೋ. ನಷ್ಟವನ್ನು ತಡೆಯಲಾಗದಿದ್ದರೂ ಅದನ್ನು ಬಲ್ಲವನು ಅರ್ಧ ಗೆದ್ದಂತೆ.