ಕಾವಲುಗಾರರ ಕಲಹ

ಲಂಚರುಷುವತ್ತಿನ ಮಾತು ಬಂದಾಗಲೆಲ್ಲ ನಮ್ಮವರು ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ಹೇಳಿ ಸುಮ್ಮನಾಗುತ್ತಾರೆ. 2018ರ ಅಕ್ಟೋಬರಿನಲ್ಲಿ ದೆಹಲಿಯ ಕೇಂದ್ರ ತನಿಖಾ ದಳದಲ್ಲಿ, ಎಂದರೆ ಸಿ.ಬಿ.ಐ.ಯಲ್ಲಿ, ನಡೆದುದಕ್ಕೆ ಈ ಗಾದೆ ಸರಿಯಾಗಿ ಹೊಂದುವುದಿಲ್ಲವೆಂದು ನನ್ನ ಅಭಿಪ್ರಾಯ. ಅಲ್ಲಿ ಬೇಲಿ ಮೇಯ್ದಿತೆಂಬುದು ಕಡೆಗೂ ಸಿದ್ಧವಾಗಲಿಲ್ಲ. ಇಬ್ಬರು ಕಾವಲುಗಾರರು ಒಬ್ಬರ ಕೊರಳಪಟ್ಟಿಯನ್ನು ಇನ್ನೊಬ್ಬರು ಹಿಡಿದು ನಿಂತರು, ಹೊಲ ಕಾಯುವವರಿಲ್ಲದಾಯಿತು. ಇಬ್ಬರಲ್ಲಿ ಯಾರು ಸಾಚಾ ಎಂಬ ಚರ್ಚೆಯೇ ಆಗ ಪತ್ರಿಕೆಗಳನ್ನು ತುಂಬಿತ್ತು. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಬೇರೊಂದು ಪ್ರಶ್ನೆ ಅದಕ್ಕಿಂತ ದೊಡ್ಡದಾಗಿ ತೋರುತ್ತದೆ. ಇಂಥ ಜಗಳ ಹುಟ್ಟುವುದಕ್ಕೆ ಆ ಸಂಸ್ಥೆಯ ರಚನೆಯಲ್ಲಿಯೇ ಎಡೆ ಇದ್ದಿತೆ?

ಸಂಸ್ಥೆಯ ಪೂರ್ವೇತಿಹಾಸವನ್ನು ಸ್ವಲ್ಪ ತಿಳಿಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಸಾಮಗ್ರಿಯ ಖರೀದಿಯಲ್ಲಿ ಲಂಚ ಹೆಚ್ಚಿದುದರಿಂದ 1941ರಲ್ಲಿ ಒಂದು ವಿಶೇಷ ಪೊಲೀಸ್ ಪಡೆಯನ್ನು ಏರ್ಪಡಿಸಲಾಯಿತು. ಯುದ್ಧ ಮುಗಿಯಿತು, ಲಂಚ ಮುಗಿಯಲಿಲ್ಲ. ಆದ್ದರಿಂದ 1946ರಲ್ಲಿ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯಿದೆ ಬಂದಿತು. 1963ರ ಏಪ್ರಿಲ್ 1ರಂದು ಗೃಹ ಖಾತೆಯ ಒಂದು ನಿರ್ಣಯದಿಂದ ಸಿ.ಬಿ.ಐ. ಹುಟ್ಟಿತು. ದಳಕ್ಕೆ ತನಿಖೆಯ ಅಧಿಕಾರ ಬರುವುದು ಆ 1946ರ ಕಾಯಿದೆಯಿಂದಲೇ ಹೊರತು ಅದರ ಹೆಸರಿನಲ್ಲಿ ಪಾರ್ಲಿಮೆಂಟು ಮಾಡಿದ ಪ್ರತ್ಯೇಕ ಕಾಯಿದೆಯಿಂದಲ್ಲ. ಸಂತಾನಂ ಸಮಿತಿಯ ಸಲಹೆಯಂತೆ 1964ರಲ್ಲಿ ಕೇಂದ್ರ ಜಾಗೃತ ಆಯೋಗವೂ ಸ್ಥಾಪಿತವಾಯಿತು. ಅದರ ಮೊತ್ತಮೊದಲ ಆಯುಕ್ತರು ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ನಿಟ್ಟೂರು ಶ್ರೀನಿವಾಸರಾಯರು ಎಂಬುದನ್ನು ಕನ್ನಡ ವಿದ್ಯಾರ್ಥಿಗಳು ನೆನಪಿಡುವುದು ಉಚಿತ.

ಮಂತ್ರಿಗಳ ಕೈಯಿಂದ ದಳವನ್ನು ಬಿಡಿಸುವ ಪ್ರಯತ್ನ ನಡೆದದ್ದು ಬಹಳ ತಡವಾಗಿ. ಜೈನ್ ಹವಾಲಾ ಪ್ರಕರಣದಲ್ಲಿ ದೊಡ್ಡವರ ಮೇಲಿನ ತನಿಖೆ ನಿಂತಲ್ಲಿಯೇ ನಿಂತಾಗ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ವಿನೀತ್ ನಾರಾಯಣ್ ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂಬುದು ಅದರ ಮುಖ್ಯ ಆದೇಶಗಳಲ್ಲೊಂದು. 2003ರಲ್ಲಿ ಇದು ಕಾನೂನಾಯಿತು. ಮುಂದೆ ಲೋಕಪಾಲ ಕಾಯಿದೆಯ ಮೂಲಕ ಬಂದ ತಿದ್ದುಪಡಿಯಂತೆ, ಪ್ರಧಾನಮಂತ್ರಿ, ವಿರೋಧ ಪಕ್ಷದ ನಾಯಕ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಅಥವಾ ಅವರು ಹೆಸರಿಸಿದ ನ್ಯಾಯಾಧೀಶ, ಈ ಮೂವರ ಸಮಿತಿ ನಿರ್ದೇಶಕರನ್ನು ಆರಿಸುತ್ತದೆ. ಆ ಸಮಿತಿಯ ಪೂರ್ವಾನುಮತಿಯಿಲ್ಲದೆ ಅವರನ್ನು ವರ್ಗ ಮಾಡುವಂತಿಲ್ಲ.

ಇಲ್ಲಿಯೇ ನಾನು ವಾಚಕರ ಗಮನವನ್ನು ಸೆಳೆಯಬೇಕಾದ ಅಂಶವಿದೆ. ಮೇಲೆ ಹೇಳಿದ ರಕ್ಷಣೆಯೆಲ್ಲ ನಿರ್ದೇಶಕರೊಬ್ಬರಿಗೆ. ಅವರ ಕೆಳಗಿನ ವಿಶೇಷ ನಿರ್ದೇಶಕರಿಂದ ಹಿಡಿದು ಎಸ್.ಪಿ. ದರ್ಜೆಯವರೆಗಿನ ಅಧಿಕಾರಿಗಳನ್ನು ಆರಿಸುವುದು ಬೇರೊಂದು ಸಮಿತಿ. ಜಾಗೃತ ಆಯುಕ್ತರೂ ಗೃಹ ಮತ್ತು ಸಿಬ್ಬಂದಿ ಖಾತೆಗಳ ಕಾರ್ಯದರ್ಶಿಗಳೂ ಅದರಲ್ಲಿರುತ್ತಾರೆ. ನಿರ್ದೇಶಕರ ಅಭಿಪ್ರಾಯವನ್ನು ಕೇಳಬೇಕು, ಆದರೆ ಅವರು ಬೇಡವೆಂದರೂ ನೇಮಕ ನಡೆಯಬಹುದು. ಯಜಮಾನ ಒಂದು ಬಾಗಿಲಿನಿಂದ ಬರುತ್ತಾನೆ, ಅವನ ಬಲಗೈ ಇನ್ನೊಂದು ಬಾಗಿಲಿನಿಂದ! ಇದಕ್ಕೆ ಸಮರ್ಥನೆ ಇಲ್ಲವೆನ್ನಲಾರೆ: ಎಲ್ಲರನ್ನೂ ನಿರ್ದೇಶಕನೇ ಆರಿಸಿದರೆ ಅವನೇ ಸರ್ವಾಧಿಕಾರಿಯಾದಾನು. ಆದರೆ ಇಬ್ಬರಿಗೆ ಮನಸ್ಸು ಕೂಡದಿದ್ದರೆ ತೀರ್ಮಾನ ಹೇಳುವವರು ಯಾರೆಂಬುದನ್ನು ಕಾನೂನು ಯೋಚಿಸಲೇ ಇಲ್ಲ.

ಮನಸ್ಸು ಕೂಡದಿರುವುದಕ್ಕೆ ಬೀಜ ಮೊದಲೇ ಬಿದ್ದಿತ್ತು. 2016ರ ಡಿಸೆಂಬರ್ 2ರಂದು ನಿರ್ದೇಶಕ ಅನಿಲ್ ಸಿನ್ಹಾ ನಿವೃತ್ತರಾದರು. ಎರಡನೆಯ ಸ್ಥಾನದಲ್ಲಿದ್ದ, ಕರ್ನಾಟಕದ ಪೊಲೀಸ್ ಸೇವೆಗೆ ಸೇರಿದ ಆರ್. ಕೆ. ದತ್ತ ಅವರನ್ನು ಅದಕ್ಕೆ ಎರಡೇ ದಿನ ಮುಂಚೆ ಗೃಹ ಖಾತೆಗೆ ವರ್ಗ ಮಾಡಲಾಗಿತ್ತು. ಹೀಗಾಗಿ ತಾತ್ಕಾಲಿಕ ಅಧಿಕಾರ ಗುಜರಾತಿನ ಸೇವೆಗೆ ಸೇರಿದ ರಾಕೇಶ್ ಅಸ್ತಾನಾ ಅವರಿಗೆ ಹೋಯಿತು. ಅವರು ಆಳುವವರಿಗೆ ಆಪ್ತರೆಂದು ವಿರೋಧ ಪಕ್ಷಗಳು ಕೂಗೆಬ್ಬಿಸಿದವು. ವಿಷಯ ಕೋರ್ಟಿನವರೆಗೂ ಹೋಯಿತು. 2017ರ ಜನವರಿಯಲ್ಲಿ ಸಮಿತಿ ಆರಿಸಿದ್ದು ಆಲೋಕ್ ವರ್ಮಾ ಅವರನ್ನು. ಸಮಿತಿಯಲ್ಲಿದ್ದ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು, ವರ್ಮಾರಿಗೆ ದಳದಲ್ಲಿ ಕೆಲಸ ಮಾಡಿದ ಅನುಭವವಿಲ್ಲವೆಂದು ಭಿನ್ನಮತ ಬರೆದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಸ್ತಾನಾ ವಿಶೇಷ ನಿರ್ದೇಶಕರಾದರು. ವರ್ಮಾ ಲಿಖಿತವಾಗಿ ಆಕ್ಷೇಪಿಸಿದರು. ಆಕ್ಷೇಪ ನಿಲ್ಲಲಿಲ್ಲ, ನೇಮಕದ ವಿರುದ್ಧದ ಅರ್ಜಿಯನ್ನು ನವೆಂಬರ್ 28ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಮುಂದಿನದು ಕಾಗದಪತ್ರಗಳ ಯುದ್ಧ. 2018ರ ಆಗಸ್ಟಿನಲ್ಲಿ ಅಸ್ತಾನಾ ಅವರು ಸಂಪುಟ ಕಾರ್ಯದರ್ಶಿಗೆ ದೂರು ಕೊಟ್ಟರು. ಮಾಂಸ ರಫ್ತು ವ್ಯಾಪಾರಿಯೊಬ್ಬರ ಮೇಲಿನ ಪ್ರಕರಣದಲ್ಲಿ ಸಿಕ್ಕಿದ್ದ ಹೈದರಾಬಾದಿನ ಒಬ್ಬ ಉದ್ಯಮಿಯಿಂದ ವರ್ಮಾರಿಗೆ ಎರಡು ಕೋಟಿ ರೂಪಾಯಿ ಸಂದಿದೆ ಎಂಬುದು ಅದರಲ್ಲಿನ ಒಂದು ಆಪಾದನೆ. ಅಕ್ಟೋಬರ್ 15ರಂದು ಸಿ.ಬಿ.ಐ. ತನ್ನ ವಿಶೇಷ ನಿರ್ದೇಶಕರ ಮೇಲೆಯೇ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಿತು. ದೂರು ಕೊಟ್ಟವನು ಯಾರು? ಅದೇ ಉದ್ಯಮಿ! ಅಸ್ತಾನಾರ ಸಲುವಾಗಿ ತಾನು ದಲ್ಲಾಳಿಗಳಿಗೆ ಸುಮಾರು ಮೂರು ಕೋಟಿ ಕೊಟ್ಟೆನೆಂದು ಈ ಸಲ ಅವನ ಹೇಳಿಕೆ. ಒಬ್ಬನೇ ಸಾಕ್ಷಿ ಎರಡು ದೂರುಗಳಿಗೂ ಆಧಾರ. ಒಂದು ಪಕ್ಷಕ್ಕೆ ಅವನು ಲಂಚ ಕೊಟ್ಟವನು, ಇನ್ನೊಂದು ಪಕ್ಷಕ್ಕೆ ಲಂಚಕ್ಕಾಗಿ ಪೀಡಿತನಾದವನು. ದಳದವರು ತಮ್ಮ ಮುಖ್ಯ ಕಚೇರಿಯನ್ನೇ ಶೋಧಿಸಿ ತಮ್ಮದೇ ಡಿ.ಎಸ್.ಪಿ. ಒಬ್ಬರನ್ನು ಸೆರೆ ಹಿಡಿದರು. ಜಗಳಕ್ಕೆ ಹೊರಗಿನಿಂದ ಆಯುಧ ತರುವ ಅಗತ್ಯವೇ ಬೀಳಲಿಲ್ಲ. ತನಿಖೆಯಲ್ಲಿದ್ದ ಪ್ರಕರಣಗಳೇ ಆಯುಧಗಳಾದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ, ಇದರಲ್ಲಿ ಬಡವಾದದ್ದು ಮೂಲ ಪ್ರಕರಣ.

ಅಕ್ಟೋಬರ್ 23ರ ನಡುರಾತ್ರಿ ಸರ್ಕಾರ ಇಬ್ಬರ ಅಧಿಕಾರವನ್ನೂ ಕಿತ್ತುಕೊಂಡು ರಜೆಯ ಮೇಲೆ ಕಳುಹಿಸಿತು. ಜಂಟಿ ನಿರ್ದೇಶಕ ನಾಗೇಶ್ವರ ರಾವ್ ಆ ರಾತ್ರಿಯೇ ಕುರ್ಚಿಯಲ್ಲಿ ಕುಳಿತರು. ಅಸ್ತಾನಾರ ಮೇಲಿನ ತನಿಖೆ ನಡೆಸುತ್ತಿದ್ದ ಅಧಿಕಾರಿಗಳಿಗೆ ವರ್ಗ. ಅವರಲ್ಲೊಬ್ಬರಿಗೆ ದೂರದ ಪೋರ್ಟ್ ಬ್ಲೇರ್. ರಫೇಲ್ ವಿಮಾನಗಳ ದೂರನ್ನು ವರ್ಮಾ ಕೈಗೆತ್ತಿಕೊಂಡಾರೆಂಬ ಭಯದಿಂದ ಹೀಗೆ ಮಾಡಿದರೆಂದು ವಿರೋಧ ಪಕ್ಷದವರು ಹೇಳಿದರು; ಸರ್ಕಾರ ಅಲ್ಲಗಳೆಯಿತು.

ವರ್ಮಾ ಸುಪ್ರೀಂ ಕೋರ್ಟಿಗೆ ಹೋದರು. ಇಬ್ಬರು ಅಧಿಕಾರಿಗಳು ಬೆಕ್ಕುಗಳಂತೆ ಕಚ್ಚಾಡುತ್ತಿದ್ದರು, ಸಂಸ್ಥೆಯ ಮಾನ ಉಳಿಸಲು ಸರ್ಕಾರ ನಡುವೆ ಬರಬೇಕಾಯಿತು ಎಂದು ಅಟಾರ್ನಿ ಜನರಲ್ ವೇಣುಗೋಪಾಲರು ವಾದಿಸಿದರು. ಮುಖ್ಯ ನ್ಯಾಯಾಧೀಶ ರಂಜನ್ ಗೊಗೊಯ್ ಕೇಳಿದ ಪ್ರಶ್ನೆ ನನಗೆ ಬಹಳ ಮೆಚ್ಚುಗೆಯಾದುದು. ಜಗಳ ಜುಲೈಯಿಂದ ನಡೆದಿರುವಾಗ ರಾತ್ರೋರಾತ್ರಿ ಕ್ರಮ ಕೈಗೊಳ್ಳುವ ಅವಸರವೇನು, ಆಯ್ಕೆ ಸಮಿತಿಯನ್ನು ಕೇಳಿದ್ದರೆ ನಷ್ಟವೇನಿತ್ತು ಎಂಬುದು ಅದರ ತಾತ್ಪರ್ಯ. ನಾವು ವರ್ಗ ಮಾಡಿಲ್ಲ, ಅಧಿಕಾರವನ್ನಷ್ಟೇ ತಡೆದಿದ್ದೇವೆ ಎಂಬ ಸರ್ಕಾರದ ವಾದವನ್ನು ಕೋರ್ಟು ಒಪ್ಪಲಿಲ್ಲ. ಹೆಸರು ಉಳಿಸಿ ಅಧಿಕಾರ ತೆಗೆಯುವುದಕ್ಕೂ ಸಮಿತಿಯ ಅನುಮತಿ ಬೇಕೆಂದು 2019ರ ಜನವರಿ 8ರಂದು ತೀರ್ಪಾಯಿತು. ವರ್ಮಾ 77 ದಿನಗಳ ಮೇಲೆ ಹಿಂದಿರುಗಿದರು; ಆದರೆ ಸಮಿತಿ ಸೇರುವವರೆಗೆ ದೊಡ್ಡ ತೀರ್ಮಾನ ಯಾವುದನ್ನೂ ಮಾಡಕೂಡದೆಂಬ ಕಟ್ಟಿನೊಡನೆ.

ಮರುದಿನ ಅಧಿಕಾರ ವಹಿಸಿಕೊಂಡವರು ಆಗಿಹೋಗಿದ್ದ ವರ್ಗಗಳನ್ನು ರದ್ದು ಮಾಡಿದರು. ಅದರ ಮರುದಿನ, ಜನವರಿ 10ರಂದು, ಸಮಿತಿ ಸೇರಿತು. ಪ್ರಧಾನಮಂತ್ರಿ ನರೇಂದ್ರ ಮೋದಿ ಮತ್ತು ನ್ಯಾಯಾಧೀಶ ಸಿಕ್ರಿ ಜಾಗೃತ ಆಯೋಗದ ವರದಿಯನ್ನು ಆಧರಿಸಿ ವರ್ಮಾರನ್ನು ತೆಗೆಯಬೇಕೆಂದರು. ಖರ್ಗೆಯವರು ಕೂಡದೆಂದರು, ವರ್ಮಾರ ಉತ್ತರವನ್ನು ಸಮಿತಿ ತಾನೇ ಕೇಳಬೇಕೆಂಬುದು ಅವರ ಮಾತು. ನೇಮಕವಾಗುವಾಗ ಬೇಡವೆಂದವರೂ ಅವರೇ, ತೆಗೆಯುವಾಗ ಬೇಡವೆಂದವರೂ ಅವರೇ! ಕೆಲವರು ಇದನ್ನು ಹಾಸ್ಯ ಮಾಡಿದರು. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಆರಿಸುವಾಗ ನೋಡಬೇಕಾದದ್ದು ಯೋಗ್ಯತೆ, ತೆಗೆಯುವಾಗ ನೋಡಬೇಕಾದದ್ದು ವಿಚಾರಣೆಯ ಕ್ರಮ. ಆಯೋಗದ ವಿಚಾರಣೆಯನ್ನು ಕೋರ್ಟಿನ ಪರವಾಗಿ ನೋಡಿಕೊಂಡಿದ್ದ ನಿವೃತ್ತ ನ್ಯಾಯಾಧೀಶ ಪಟ್ನಾಯಕರು, ವರ್ಮಾರ ಮೇಲೆ ಭ್ರಷ್ಟಾಚಾರದ ಪುರಾವೆ ಇರಲಿಲ್ಲವೆಂದು ಬಳಿಕ ಪತ್ರಿಕೆಯವರಿಗೆ ತಿಳಿಸಿದರು. ಅಗ್ನಿಶಾಮಕ ಸೇವೆಗಳ ಮಹಾನಿರ್ದೇಶಕ ಪದವಿಯನ್ನು ವರ್ಮಾ ಒಪ್ಪದೆ ಜನವರಿ 11ರಂದು ರಾಜೀನಾಮೆ ಕೊಟ್ಟರು. ಅವರ ಎರಡು ವರ್ಷ ತುಂಬಲು ಆಗ ಇನ್ನು ಮೂರೇ ವಾರ ಉಳಿದಿತ್ತು.

ಅಸ್ತಾನಾರನ್ನೂ ಅದೇ ತಿಂಗಳು ದಳದಿಂದ ಕಳುಹಿಸಲಾಯಿತು. 2020ರಲ್ಲಿ ದಳ ಕೋರ್ಟಿಗೆ ಒಪ್ಪಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಾಗಲಿ ಆ ಡಿ.ಎಸ್.ಪಿ.ಯ ಹೆಸರಾಗಲಿ ಆರೋಪಿಗಳ ಸಾಲಿನಲ್ಲಿರಲಿಲ್ಲ. ಮುಂದೆ ಅವರು ಗಡಿ ಭದ್ರತಾ ಪಡೆಯ ಮುಖ್ಯಸ್ಥರಾಗಿ, 2021ರಲ್ಲಿ ದೆಹಲಿಯ ಪೊಲೀಸ್ ಕಮಿಷನರರಾದರು. ನಾಗೇಶ್ವರ ರಾವ್ ಅವರ ಗತಿ ಬೇರೆ. ಮುಜಫರಪುರದ ಬಾಲಕಿಯರ ಆಶ್ರಯಗೃಹದ ತನಿಖಾಧಿಕಾರಿಯನ್ನು ಬದಲಿಸಕೂಡದೆಂಬ ಆಜ್ಞೆ ಇದ್ದರೂ ವರ್ಗ ಮಾಡಿದ್ದಕ್ಕಾಗಿ, 2019ರ ಫೆಬ್ರವರಿಯಲ್ಲಿ ಒಂದು ಲಕ್ಷ ರೂಪಾಯಿ ದಂಡ ತೆತ್ತು, ಕಲಾಪ ಮುಗಿಯುವವರೆಗೆ ಸುಪ್ರೀಂ ಕೋರ್ಟಿನ ಒಂದು ಮೂಲೆಯಲ್ಲಿ ಕುಳಿತಿರಬೇಕಾಯಿತು. ಕಲಹದ ನಡುವೆ ಆ ಅನಾಥ ಬಾಲಕಿಯರ ಮೊಕದ್ದಮೆಯಂಥದೂ ಎಳೆದಾಟಕ್ಕೆ ಸಿಕ್ಕಿತಲ್ಲ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ನೋಯಿಸುವ ಸಂಗತಿ.

2021ರಲ್ಲಿ ಕಾಯಿದೆ ಮತ್ತೆ ತಿದ್ದುಪಡಿಯಾಯಿತು. ಎರಡು ವರ್ಷ ಮುಗಿದ ನಿರ್ದೇಶಕರಿಗೆ ಸಮಿತಿಯ ಶಿಫಾರಸಿನ ಮೇಲೆ ಒಂದೊಂದೇ ವರ್ಷದಂತೆ, ಒಟ್ಟು ಐದು ವರ್ಷದವರೆಗೆ, ಅವಧಿಯನ್ನು ಬೆಳೆಸಬಹುದು. ಅವಧಿ ಬೆಳೆದದ್ದು ಒಳ್ಳೆಯದೆನ್ನುವವರಿದ್ದಾರೆ. ವರ್ಷವರ್ಷವೂ ಮುಂದುವರಿಕೆಗಾಗಿ ಎದುರುನೋಡುವ ಅಧಿಕಾರಿ ಎರಡೇ ವರ್ಷ ನಿಶ್ಚಿಂತೆಯಿಂದ ಕುಳಿತವನಿಗಿಂತ ಸ್ವತಂತ್ರನೆಂದು ನಾನು ನಂಬಲಾರೆ. ವಿಶೇಷ ನಿರ್ದೇಶಕರನ್ನು ಆರಿಸುವ ಆ ಎರಡನೆಯ ಬಾಗಿಲಿನ ಸುದ್ದಿಗೆ ಮಾತ್ರ ಈ ತಿದ್ದುಪಡಿ ಹೋಗಲಿಲ್ಲ.